ಗಂಟೆ ಬಾರಿಸಿದ ಮೇಲಿನ ಮಾತು

ವಿಧಾನಸಭೆಯ ಕೊನೆಯ ಸಾಲಿನಲ್ಲಿ ಕೂರುತ್ತಿದ್ದ ನಮ್ಮ ಕಡೆಯ ಶಾಸಕರೊಬ್ಬರು ಮಾನ್ವಿಯ ನನ್ನ ಜೆರಾಕ್ಸ್ ಅಂಗಡಿಯಲ್ಲಿ ಭಾಷಣ ಟೈಪ್ ಮಾಡಿಸುತ್ತಿದ್ದರು. ತಾಲೀಮೂ ಅಲ್ಲಿಯೇ. ಧೋತರ ಸರಿಮಾಡಿಕೊಂಡು, ಜೆರಾಕ್ಸ್ ಯಂತ್ರಕ್ಕೆ ಕೈಮುಗಿದು, "ಮಾನ್ಯ ಸಭಾಧ್ಯಕ್ಷರೇ" ಎಂದು ಶುರುಮಾಡುವರು. ಎರಡು ನಿಮಿಷಕ್ಕೆ ನಾನು ಚಹಾದ ಸ್ಟೀಲ್ ಲೋಟಕ್ಕೆ ಚಮಚದಿಂದ ಹೊಡೆಯಬೇಕು. ಅದೇ ಸಮಯ ಮುಗಿಯಿತೆನ್ನುವ ಸದನದ ಗಂಟೆ.

ಅಲ್ಲಿಯವರೆಗೆ ಕಾಗದ ನೋಡಿ ಗೊಣಗುತ್ತಿದ್ದ ಮನುಷ್ಯ ಗಂಟೆ ಕೇಳಿದೊಡನೆ ಕಾಗದ ಮಡಚಿ ಜೇಬಿಗಿಟ್ಟು, "ಒಂದ ನಿಮಿಷ, ಮುಗಸ್ತೀನ್ರಿ!" ಎಂದು ಗುಡುಗುತ್ತಿದ್ದರು. ನಿಜವಾದ ಭಾಷಣ ಶುರುವಾಗುತ್ತಿದ್ದುದೇ ಆಗ. ಸದನದಲ್ಲೂ ಹಾಗೆಯೇ.

ಒಮ್ಮೆ ಕಲ್ಲೂರಿನ ಕೊನೆಯ ಹೊಲಗಳಿಗೆ ಕಾಲುವೆ ನೀರು ತಲುಪದ ವಿಷಯ ಮಾತಾಡಲು ಎದ್ದರು. ಸಭಾಧ್ಯಕ್ಷರು ಅಂದು ಖುಷಿಯಲ್ಲಿದ್ದರು. "ಗಂಟೆ ಬಾರಿಸುವುದಿಲ್ಲ, ಸಾವಕಾಶವಾಗಿ ಹೇಳಿ" ಎಂದರು. ನಾವೆಲ್ಲ ಮೊಬೈಲಿನಲ್ಲಿ ನೋಡುತ್ತಿದ್ದೆವು. ಇವರು ಕಾಗದವನ್ನು ಕೊನೆಯವರೆಗೂ ಗೊಣಗಿ, ಗಂಟೆಗಾಗಿ ಸ್ವಲ್ಪ ಕಾದು, ಕೂತುಬಿಟ್ಟರು.

ಊರಿಗೆ ಬಂದವರು ನನ್ನ ಅಂಗಡಿಯಲ್ಲಿ ಮುಖ ಸಪ್ಪಗೆ ಮಾಡಿಕೊಂಡು ಕೂತರು. "ಗಂಟೀನ ಹೊಡೀಲಿಲ್ಲಪ್ಪ. ಮಾತು ಎಲ್ಲಿಂದ ಬರಬೇಕು?"

ಪಾಪ ಎನಿಸಿ ಲೋಟಕ್ಕೊಂದು ಏಟು ಕೊಟ್ಟೆ. ಎದ್ದೇಬಿಟ್ಟರು. "ಒಂದ ನಿಮಿಷ, ಮುಗಸ್ತೀನ್ರಿ! ಕಾಲುವಿ ಮ್ಯಾಲಿನವ್ರು ಎರಡು ಬೆಳಿ ತಗೀತಾರ, ನಮ್ಮ ಕೊನಿ ಹೊಲದಾಗ ಇದ್ದ ಒಂದು ಬೆಳೀನೂ ಒಣಗಾಕತ್ತದ!" ಇಡೀ ಓಣಿಗೆ ಕೇಳಿಸಿತು.

ಪಹಣಿ ಜೆರಾಕ್ಸಿಗೆಂದು ಬಂದಿದ್ದ ಕಲ್ಲೂರಿನ ಮುದುಕ ಪೂರ್ತಿ ಕೇಳಿದ. ಆಮೇಲೆ ಲೋಟವನ್ನೂ ಚಮಚವನ್ನೂ ತೊಳೆದು ತಂದು ಶಾಸಕರ ಕೈಗಿಟ್ಟ.

"ಸಾಹೇಬ್ರ, ಮುಂದಿನ ಸಲ ಇವನ್ನ ಸಂಗಾಟ ತೊಗೊಂಡು ಹೋಗ್ರಿ."