ಗಾಯಾಳುಗಳನ್ನು ಹೊತ್ತು ತಿರುಗುವ ವರ್ನಾ

ಅಮೆರಿಕದ ಎರೀ ಸರೋವರದ ಕಡೆಯಿಂದ ಬೀಸುವ ಗಾಳಿಗೆ ವ್ಯಾನಿನ ಗಾಜೆಲ್ಲ ಹಿಮಗಟ್ಟಿದೆ. ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ವರ್ನಾ ಟಾಲಿವರ್ ಗಾಜು ಕೆರೆದು, ಒಳಗಿನ ಹೀಟರ್ ಹಚ್ಚಿ, ಮುಂದಿನ ಸೀಟನ್ನು ಹೋಗುವಷ್ಟೂ ಹಿಂದಕ್ಕೆ ಎಳೆಯುತ್ತಾರೆ. ಅದರಲ್ಲಿ ಕೂರಬೇಕಾದವನು ಆರಡಿ ಐದಿಂಚಿನ ಆಳು. ಬಲ ಮೊಣಕಾಲು ಮಡಚಿದರೆ ಅವನಿಗೆ ಜೀವ ಹೋದಂತಾಗುತ್ತದೆ.

ಈ ಊರಿನ ಅಮೆರಿಕನ್ ಫುಟ್‌ಬಾಲ್ ತಂಡದ ಆಟಗಾರರ ಹೆಸರು ಇಲ್ಲಿನ ಮಕ್ಕಳಿಗೂ ಬಾಯಿಪಾಠ. ಆದರೆ ಕಾಲು ಮುರಿದುಕೊಂಡವನನ್ನು ಆಸ್ಪತ್ರೆಗೆ, ಆಸ್ಪತ್ರೆಯಿಂದ ವ್ಯಾಯಾಮದ ಕೋಣೆಗೆ ಕರೆದೊಯ್ಯುವವರು ಯಾರೆಂದು ಯಾರೂ ಕೇಳುವುದಿಲ್ಲ. ಅವನ ಬದಲಿಗೆ ಬರುವವನನ್ನು ವಿಮಾನ ನಿಲ್ದಾಣದಿಂದ ಕರೆತರುವವರೂ ವರ್ನಾ ಅವರೇ. ಸಿಟಿ ಬಸ್ಸಿನ ಮಾರ್ಗಗಳನ್ನು ಕಡಿತಗೊಳಿಸಿದಾಗ ಚಾಲಕಿಯ ಕೆಲಸ ಕಳೆದುಕೊಂಡ ಅವರಿಗೆ ತಂಡದ ಈ ವ್ಯಾನು ಓಡಿಸುವ ಕೆಲಸ ಸಿಕ್ಕಿದ್ದು ಐವತ್ತರ ಅಂಚಿನಲ್ಲಿ. ಆಟಗಾರರಿಗೆ ಅವರು ‘ಮಿಸ್ ವರ್ನಾ’. ಅವರಿಗೆ ಆಟಗಾರರೆಲ್ಲ ‘ಮರಿ’.

“ಸೇರಿದ ಹೊಸದ್ರಲ್ಲಿ ನಂಗೇನೂ ಅರ್ಥ ಆಗ್ತಿರ್ಲಿಲ್ಲ. ಪೆಟ್ಟು ಬಿದ್ದೋನು ಮನೇಲಿ ಮಲಗ್ತಾನೆ, ವಾಸಿಯಾದ್ಮೇಲೆ ಬರ್ತಾನೆ, ಅಷ್ಟೇ ಅಲ್ವಾ ಅಂದ್ಕೊಂಡಿದ್ದೆ,” ಎಂದು ನಗುತ್ತಾರೆ.

ಅಷ್ಟೇ ಅಲ್ಲ. ತಂಡದಲ್ಲಿರುವುದು ಐವತ್ಮೂರು ಜಾಗ. ಗಾಯಗೊಂಡವನು ಅದರಲ್ಲೊಂದನ್ನು ಹಿಡಿದು ಕೂತರೆ ಆಡುವವರಿಗೆ ಕೊರತೆ. ಹಾಗಾಗಿ ಬಹಳ ದಿನ ಆಡಲಾಗದವನ ಹೆಸರನ್ನು ಗಾಯಾಳುಗಳ ಪಟ್ಟಿಗೆ ಹಾಕುತ್ತಾರೆ. ಅವನಿಗೆ ಸಂಬಳ ಬರುತ್ತದೆ, ಜಾಗ ಮಾತ್ರ ಇನ್ನೊಬ್ಬನ ಪಾಲು. ಪಟ್ಟಿ ಸೇರಿದವನು ಕನಿಷ್ಠ ನಾಲ್ಕು ಪಂದ್ಯ ಹೊರಗಿರಲೇಬೇಕು, ಮುಂಚೆಯೇ ವಾಸಿಯಾದರೂ ಸರಿ. ಆಮೇಲೆ ಅಭ್ಯಾಸಕ್ಕೆ ಇಳಿದ ದಿನದಿಂದ ಮೂರು ವಾರದ ಗಡುವು. ಅಷ್ಟರಲ್ಲಿ ಅವನನ್ನು ತಂಡಕ್ಕೆ ಸೇರಿಸಿಕೊಳ್ಳದಿದ್ದರೆ ಆ ವರ್ಷದ ಆಟ ಮುಗಿಯಿತು. ಸೇರಿಸಿಕೊಂಡರೆ ಇನ್ನೊಬ್ಬ ಜಾಗ ಬಿಡಬೇಕು.

“ಇಷ್ಟು ಜನರ ಕಣ್ಣೆದುರಿಗೇ ಇದ್ದೂ ಪಂಕ್ತಿಯಲ್ಲಿ ಎಲೆ ಇಲ್ಲ ನೋಡಿ ಅವರಿಗೆ,” ಎನ್ನುತ್ತಾರೆ ವರ್ನಾ. “ಜೊತೆಯವರು ಮಾತಾಡ್ಸೋಕೂ ಹಿಂಜರೀತಾರೆ, ಪೆಟ್ಟು ಅಂಟ್ಕೊಂಡು ಬಿಡತ್ತೇನೋ ಅನ್ನೋ ಹಾಗೆ. ನಾನಂತೂ ಬಾಯ್ತುಂಬ ಹೆಸರು ಹಿಡಿದು ಕರೀತೀನಿ.”

ಮುಂದಿನ ಸೀಟಿನ ಆ ಆಳು ಲಮಾಂಟ್ ಬೋಯ್ಕಿನ್. ಅಕ್ಟೋಬರಿನ ಒಂದು ಭಾನುವಾರ ಪಂದ್ಯದಲ್ಲಿ ಅವನ ಬಲ ಮೊಣಕಾಲು ತಿರುಚಿಕೊಂಡಿತು. ಚೆಂಡು ಎಸೆಯುವವನ ಮುಂದೆ ಗೋಡೆಯಂತೆ ನಿಂತು ಎದುರಾಳಿಗಳನ್ನು ತಡೆಯುವುದು ಅವನ ಕೆಲಸ. ಒಪ್ಪಂದ ಮುಗಿಯುವ ವರ್ಷವದು. ಆಡಿ ತೋರಿಸದೆ ಹೋದರೆ ಮುಂದೆ ಯಾರು ಕರೆಯುತ್ತಾರೆಂಬ ದಿಗಿಲು ಅವನಿಗೆ. ಎರಡೇ ದಿನದಲ್ಲಿ ಅವನ ಜಾಗಕ್ಕೆ ಟಾವಿಟಾ ಲೆಮಾಲು ಬಂದಿಳಿದ. ಪೆಸಿಫಿಕ್ ಸಾಗರದ ಸಮೋವಾ ದ್ವೀಪ ಮೂಲದ ಹುಡುಗ, ತೆಳು ಅಂಗಿಯಲ್ಲಿ ನಡುಗುತ್ತಿದ್ದ. ಅವನಿಗೆ ಕಾರಿಲ್ಲ, ಲಮಾಂಟ್‌ಗೆ ಕಾರು ಓಡಿಸಲು ಕಾಲಿಲ್ಲ. ದಿನಾ ಬೆಳಿಗ್ಗೆ ಇಬ್ಬರೂ ಒಂದೇ ವ್ಯಾನಿನಲ್ಲಿ.

ಮೊದಲ ದಿನ ಅರ್ಧ ದಾರಿಯಲ್ಲಿ ಹಿಂದಿನ ಸೀಟಿನಿಂದ ಟಾವಿಟಾ, “ನಿನ್ನ ಜಾಗಕ್ಕೆ ಬಂದೆ, ಬೇಜಾರು ಮಾಡ್ಕೋಬೇಡ ಅಣ್ಣ,” ಎಂದ.

“ನನ್ನ ಮೊಣಕಾಲಿಗೆ ಒದ್ದೋನು ನೀನಾ?”

“ಅಯ್ಯೋ, ಇಲ್ಲಪ್ಪ!”

“ಮತ್ತೆ ಸುಮ್ನಿರು. ನಿನ್ನ ಹಳೇ ಆಟ ಟೀವೀಲಿ ನೋಡ್ದೆ, ಎಡಗಡೆಯಿಂದ ನುಗ್ಗೋನು ಬಂದ್ರೆ ನಿನ್ನ ಸೊಂಟ ತಿರುಗಲ್ಲ. ಹೀಗಾದ್ರೆ ಚೆಂಡು ಎಸೆಯೋ ನಮ್ಮೋನ ಮೂಳೆ ಪುಡಿಪುಡಿ.”

ಅಲ್ಲಿಂದ ವ್ಯಾನು ಪಾಠಶಾಲೆಯಾಯಿತು. ತನ್ನ ಜಾಗದಲ್ಲಿ ನಿಂತವನಿಗೆ ಆ ಜಾಗದ ಗುಟ್ಟುಗಳನ್ನೆಲ್ಲ ಲಮಾಂಟ್ ಹೇಳಿಕೊಟ್ಟ. ಇದೆಂಥ ಮನುಷ್ಯ ಎಂದು ವರ್ನಾ ಕನ್ನಡಿಯಲ್ಲಿ ಆಗಾಗ ಇಬ್ಬರನ್ನೂ ನೋಡುತ್ತಿದ್ದರು.

ನವೆಂಬರಿನಲ್ಲಿ ಲಮಾಂಟ್ ಅಭ್ಯಾಸಕ್ಕೆ ಇಳಿದ. ಗಡುವು ಮುಗಿಯಲು ಎರಡು ದಿನವಿದ್ದಾಗ, ವ್ಯಾನಿನಿಂದ ಇಳಿಯುತ್ತಿದ್ದವನು ಬಾಗಿಲಿನ ಹಿಡಿ ಬಿಡದೆ ಒಂದು ಕ್ಷಣ ತುಟಿ ಕಚ್ಚಿ ನಿಂತ. ವರ್ನಾ ಕೇಳಿಯೇಬಿಟ್ಟರು.

“ಇನ್ನೂ ನೋಯ್ತಿದೆ ಅಲ್ವಾ ಮರಿ?”

“ನೀವೇನೂ ನೋಡಿಲ್ಲ, ಮಿಸ್ ವರ್ನಾ.”

ವ್ಯಾನಿನೊಳಗಿನ ಮಾತು ಹೊರಗೆ ಹೋಗಬಾರದೆಂಬುದು ವರ್ನಾ ತಮಗೆ ತಾವೇ ಹಾಕಿಕೊಂಡ ಕಟ್ಟು. ಆ ಸಂಜೆ ಟಾವಿಟಾ ಒಬ್ಬನೇ ಸಿಕ್ಕಿದ. ಮೈದಾನದಲ್ಲಿ ಲಮಾಂಟ್ ನೋವು ನುಂಗುವುದನ್ನು ಅವನೂ ಕಂಡಿದ್ದ. “ನಾನು ಡಾಕ್ಟರಿಗೆ ಹೇಳಿದ್ರೆ ಜಾಗ ಉಳಿಸ್ಕೊಳ್ಳೋಕೆ ಹೇಳ್ದ ಅಂತಾರೆ. ಹೇಳ್ದೆ ಇದ್ರೆ ಅಣ್ಣನ ಕಾಲೇ ಹೋಗತ್ತೆ. ಏನ್ಮಾಡ್ಲಿ?” ಎಂದು ತಲೆ ತಗ್ಗಿಸಿದ.

ಮರುದಿನ ಬೆಳಿಗ್ಗೆ ವರ್ನಾ ವ್ಯಾನನ್ನು ಮೈದಾನದ ಬಾಗಿಲಿಗೆ ಒಯ್ಯಲಿಲ್ಲ, ವೈದ್ಯರ ಕೋಣೆಯ ಬಾಗಿಲಿಗೆ ತಂದು ನಿಲ್ಲಿಸಿದರು. ಟಾವಿಟಾ ಮೆಲ್ಲಗೆ ಇಳಿದು ಹೋದ.

“ಇದೇನಿದು?” ಲಮಾಂಟ್‌ನ ದನಿ ಏರಿತು.

“ನಾನು ಯಾರಿಗೂ ಹೇಳಲ್ಲ. ಆದ್ರೆ ಇವತ್ತು ನಿನ್ನ ಇಳಿಸೋದು ಇಲ್ಲೇ.”

“ನನ್ನ ವರ್ಷ ಮುಗಿಯತ್ತೆ! ಬಸ್ಸು ಓಡಿಸ್ಕೊಂಡಿದ್ದೋರಿಗೆ ಇದೆಲ್ಲ ಏನ್ ಗೊತ್ತಾಗತ್ತೆ?”

“ಏನೂ ಗೊತ್ತಾಗಲ್ಲ ಮರಿ. ನೀನು ಇಳಿಯೋವಾಗ ಬಾಗಿಲಿನ ಹಿಡಿ ಬಿಡಲ್ಲ, ಅಷ್ಟು ಗೊತ್ತು.”

ಲಮಾಂಟ್ ಇಳಿದು ಬಾಗಿಲನ್ನು ರಪ್ಪೆಂದು ಹಾಕಿ ಒಳಗೆ ಹೋದ. ನೋವಿನ ವಿಷಯ ತಾನೇ ಬಾಯಿಬಿಟ್ಟ. ಕೀಲಿನ ನಾರು ಇನ್ನೂ ಕೂಡಿರಲಿಲ್ಲ. ಇನ್ನೊಂದು ಪೆಟ್ಟು ಬಿದ್ದಿದ್ದರೆ ಪೂರ್ತಿ ಹರಿಯುತ್ತಿತ್ತು ಎಂದರು ವೈದ್ಯರು. ಗಡುವು ಮುಗಿಯಿತು, ಲಮಾಂಟ್ ಪಟ್ಟಿಯಲ್ಲೇ ಉಳಿದ. ಟಾವಿಟಾನ ಜಾಗ ಗಟ್ಟಿಯಾಯಿತು.

ಒಂದು ವಾರ ಲಮಾಂಟ್ ಮುಖ ತಿರುಗಿಸಿಕೊಂಡೇ ಕೂತಿದ್ದ. ವರ್ನಾ ದಿನಾ ಹೆಸರು ಹಿಡಿದು ಕರೆದರು, ಅವನು ಒಂದು ದಿನವೂ ಓಗೊಡಲಿಲ್ಲ. ಎಂಟನೆಯ ದಿನ, “ಆ ಹುಡುಗನ ಸೊಂಟ ಇನ್ನೂ ತಿರುಗ್ತಿಲ್ಲ ಮಿಸ್ ವರ್ನಾ, ನೋಡಿದ್ರಾ ನಿನ್ನೆ?” ಎಂದು ಗೊಣಗಿದ. ಹಿಂದಿನ ಸೀಟಿನಲ್ಲಿ ಆ ಹುಡುಗ ಗೊಳ್ಳೆಂದು ನಕ್ಕ.

ಇವತ್ತು ಲಮಾಂಟ್‌ನನ್ನು ವ್ಯಾಯಾಮಕ್ಕೆ ಬಿಟ್ಟು ಬಂದ ವರ್ನಾ ವ್ಯಾನಿಗೆ ಒರಗಿ ಕಾಫಿ ಕುಡಿಯುತ್ತಿದ್ದಾರೆ. ಮಾಡಿದ್ದು ಸರಿಯೇ ಎಂದರೆ ಭುಜ ಕುಣಿಸುತ್ತಾರೆ. ಮುಂದಿನ ವರ್ಷ ಅವನನ್ನು ಯಾವ ತಂಡ ಕರೆಯುವುದೋ, ಕರೆಯುವುದೋ ಇಲ್ಲವೋ, ಅವರಿಗೆ ತಿಳಿಯದು.

“ಅವನು ಇನ್ನು ಈ ವ್ಯಾನು ಹತ್ತಬಾರದು, ಅಷ್ಟೇ ನನ್ನಾಸೆ. ತನ್ನ ಕಾಲಲ್ಲೇ ತನ್ನ ಕಾರು ಓಡಿಸ್ಕೊಂಡು ಹೋಗ್ಬೇಕು. ನನ್ನ ಪಕ್ಕಕ್ಕೆ ಬಂದಾಗ ಒಂದ್ಸಲ ಜೋರಾಗಿ ಹಾರ್ನ್ ಹೊಡೀಲಿ. ನಾನೂ ಹೊಡೀತೀನಿ.”