ಬೂಟು ಮೇಷ್ಟ್ರು ಕಾಡಿಗೆ ಹೋದದ್ದು

ಅವರಿಗೆ ಬೂಟು ಮೇಷ್ಟ್ರು ಎಂದು ಹೆಸರಿಟ್ಟವರು ಗಿರಾಕಿಗಳೇ. ದೊಡ್ಡ ಚಪ್ಪಲಿ ಅಂಗಡಿಯ ಎರಡನೆಯ ಮಹಡಿಯಲ್ಲಿ, ಬೆಟ್ಟ ಕಾಡು ಅಲೆಯುವವರ ಬೂಟುಗಳ ಮೂಲೆಯನ್ನು ಇಪ್ಪತ್ತಾರು ವರ್ಷಗಳಿಂದ ನೋಡಿಕೊಳ್ಳುತ್ತಿದ್ದವರು ಅವರು. ಒಂದು ಜೊತೆ ಬೂಟು ಕೇಳಿದವರಿಗೆ ಮೊದಲು ಅರ್ಧ ಗಂಟೆ ಪಾಠ, ಆಮೇಲೆ ಬೂಟು. ಕೆಸರಿನಲ್ಲಿ ಎಷ್ಟು ಬಗೆ, ಜೇಡಿಮಣ್ಣಿಗೆ ಬೂಟಿನ ಅಟ್ಟೆಯ ಹಲ್ಲು ಹೇಗಿರಬೇಕು, ಮಳೆಕಾಡಿನ ಸೆಕೆಗೆ ಕಾಲು ಎಷ್ಟು ಊದುತ್ತದೆ, ಎಲ್ಲ ಅವರ ನಾಲಿಗೆಯ ತುದಿಯಲ್ಲೇ ಇತ್ತು. ಇಷ್ಟೆಲ್ಲ ಬಲ್ಲ ಮನುಷ್ಯ ಕಾಡಿನ ಕೆಸರನ್ನು ಒಮ್ಮೆಯೂ ತುಳಿದಿರಲಿಲ್ಲ ಎನ್ನುವುದು ಬೇರೆ ಮಾತು. ಅವರು ನಡೆದದ್ದೆಲ್ಲ ಬಸ್ ನಿಲ್ದಾಣದಿಂದ ಅಂಗಡಿಗೆ, ಅಂಗಡಿಯಿಂದ ಗೋದಾಮಿನ ಏಣಿಗೆ.

ಆದರೆ ಕಾಲಿನ ವಿಷಯದಲ್ಲಿ ಅವರನ್ನು ಆಡಿಕೊಳ್ಳುವಂತಿರಲಿಲ್ಲ. ಬಾಗಿಲಿನಿಂದ ನಾಲ್ಕು ಹೆಜ್ಜೆ ನಡೆದು ಬರುವುದರೊಳಗೆ ಸೈಜು ಹೇಳಿಬಿಡುತ್ತಿದ್ದರು. ಹೇಳಿದ ಮೇಲೂ ಸುಮ್ಮನಾಗದೆ ಗಿರಾಕಿಯ ಮುಂದೆ ಮಂಡಿಯೂರಿ, ಬೂಟಿನ ಮೂತಿಯನ್ನು ಒತ್ತಿ ನೋಡುತ್ತಿದ್ದರು. "ಇಲ್ಲಿ ಒಂದು ಹೆಬ್ಬೆರಳಗಲ ಜಾಗ ಇರ್ಬೇಕು ಮೇಡಂ. ಇಳಿಜಾರಲ್ಲಿ ಬೆರಳು ಮುಂದಕ್ಕೆ ನುಗ್ಗುತ್ತೆ. ಬಿಗಿ ಅನ್ಸಿದ್ರೆ ಈಗ್ಲೇ ಹೇಳಿ, ನಾಚ್ಕೋಬೇಡಿ."

ಅವರ ಹೆಂಡತಿ ಆಸ್ಪತ್ರೆಯ ಔಷಧಿ ಕೌಂಟರಿನಲ್ಲಿ ದಿನಕ್ಕೆ ಎಂಟು ಗಂಟೆ ನಿಂತು ಕೆಲಸ ಮಾಡುವವರು. ಆ ಕೌಂಟರಿನ ಎದುರು ಗೋಡೆಗೆ ಒಂದು ಹಳೆಯ ಕ್ಯಾಲೆಂಡರು, ಅದರಲ್ಲಿ ಕಾಡಿನ ನಡುವೆ ಬೀಳುವ ಒಂದು ಜಲಪಾತ. ಅದರ ವರ್ಷ ಮುಗಿದು ಏಳು ವರ್ಷವಾದರೂ ಆಕೆ ಅದನ್ನು ಇಳಿಸಲು ಬಿಟ್ಟಿರಲಿಲ್ಲ. ಒಂದು ಸಲ ಅಲ್ಲಿಗೆ ನಡೆದುಹೋಗಬೇಕು ಎನ್ನುವುದು ಆಕೆಯ ಒಂದೇ ಒಂದು ಆಸೆ. ಈ ಸಲ ಆಕೆಯ ಮೊಣಕಾಲು ನೋವು ನೋಡಿದ ಡಾಕ್ಟರು, "ಹತ್ತೋದು ಇಳಿಯೋದು ಏನಿದ್ರೂ ಈ ವರ್ಷಾನೇ ಮುಗಿಸ್ಬಿಡಿ" ಎಂದು ಬಾಯಿಬಿಟ್ಟು ಹೇಳಿದ್ದರಿಂದ, ಇಬ್ಬರೂ ನಾಲ್ಕು ದಿನ ರಜೆ ಹಾಕಿದರು. ಈಗ ಹೋಗದಿದ್ದರೆ ಇನ್ನು ಎಂದೂ ಇಲ್ಲ.

ಮೇಷ್ಟ್ರಿಗೆ ಹಿಗ್ಗೋ ಹಿಗ್ಗು. ಒಂದು ವಾರ ಕಪಾಟುಗಳ ಮುಂದೆ ಗಲ್ಲಕ್ಕೆ ಕೈಕೊಟ್ಟು ನಿಂತರು. ಕೊನೆಗೆ ಅಂಗಡಿಯಲ್ಲೇ ಹೆಚ್ಚು ಬೆಲೆಯ, ಪಾದದ ಗಂಟು ಮುಚ್ಚುವ, ಒಂದು ಹನಿ ನೀರೂ ನುಗ್ಗದ ಎರಡು ಜೊತೆ ಆರಿಸಿದರು. ಹೆಂಡತಿಗೆ ಆರನೇ ನಂಬರು. ಮದುವೆಯಾದ ವರ್ಷ ಆಕೆಯ ಚಪ್ಪಲಿ ಅಳೆದು ತಿಳಿದದ್ದು. ಅಂದಿನಿಂದ ಅಂಗಡಿಯಲ್ಲಿ ಮಾರಾಟವಾಗದೆ ಉಳಿದ ಆರನೇ ನಂಬರಿನ ಜೋಡುಗಳನ್ನೆಲ್ಲ ಅವರು ಪ್ರೀತಿಯಿಂದ ಮನೆಗೇ ತಂದಿದ್ದರು.

ಆಕೆ ಹೊಸ ಬೂಟು ಹಾಕಿಕೊಂಡು ಅಡುಗೆಮನೆಯಿಂದ ಹಜಾರದವರೆಗೆ ನಡೆದರು.

"ಸ್ವಲ್ಪ ಬಿಗಿ ಅನ್ಸುತ್ತೆ ರೀ."

"ಹೊಸದಲ್ವೇನೇ? ನಡೀತಾ ನಡೀತಾ ಸಡಿಲ ಆಗುತ್ತೆ. ಬೂಟಿನ ವಿಷಯ ನಂಗೆ ಹೇಳ್ಕೊಡ್ಬೇಡ."

ಇದೇ ಮಾತನ್ನು ಅಂಗಡಿಯಲ್ಲಿ ಬೇರೆ ಯಾರಾದರೂ ಗಿರಾಕಿಗೆ ಹೇಳಿದ್ದರೆ ಮೇಷ್ಟ್ರು ಅವರನ್ನು ನಿಂತ ಕಾಲಲ್ಲೇ ತರಾಟೆಗೆ ತೆಗೆದುಕೊಳ್ಳುತ್ತಿದ್ದರು.

ಕಾಡಿನ ಬಾಯಲ್ಲಿ ದಾರಿ ತೋರಿಸಲು ಬಂದವಳು ನಲವತ್ತರ ಆಸುಪಾಸಿನ ಒಬ್ಬ ಹೆಂಗಸು. ಅವಳ ಕಾಲಲ್ಲಿ ಒಂದೇ ಅಚ್ಚಿನಲ್ಲಿ ಹೊಯ್ದ ಕರಿ ರಬ್ಬರಿನ ಗಿಡ್ಡ ಬೂಟು, ಪಕ್ಕಕ್ಕೆ ನಾಲ್ಕು ತೂತು. ಮೇಷ್ಟ್ರ ಅಂಗಡಿಯಲ್ಲಿ ಇಂಥದ್ದನ್ನು ನೆಲ ತೊಳೆಯುವವರೂ ಕೇಳುತ್ತಿರಲಿಲ್ಲ. ಅವರು ಮನಸ್ಸಿನಲ್ಲೇ ನಕ್ಕರು. ಅವಳೂ ಇವರ ಕಾಲುಗಳನ್ನು ನೋಡಿದಳು.

"ಇದ್ರೊಳಗೆ ನೀರು ಬರಲ್ವಾ ಸಾರ್?"

"ಒಂದು ಹನೀನೂ ಬರಲ್ಲ."

"ಮೇಲಿಂದ ಬಂದ್ರೆ? ಬಂದಿದ್ದು ಹೊರಗೆ ಹೇಗೆ ಹೋಗುತ್ತೆ?"

ಇಪ್ಪತ್ತಾರು ವರ್ಷದಲ್ಲಿ ಯಾವ ಗಿರಾಕಿಯೂ ಕೇಳದ ಪ್ರಶ್ನೆ. ಮೇಷ್ಟ್ರು ಬೂಟಿನ ಪದರಗಳ ಬಗ್ಗೆ ಉಪನ್ಯಾಸ ಶುರುಮಾಡಿದರು. ಅದು ಮೂರನೆಯ ಪದರಕ್ಕೆ ಬರುವ ಹೊತ್ತಿಗೆ ಹಳ್ಳ ಸಿಕ್ಕಿತು, ಮೊಣಕಾಲಿನ ಆಳದ ಹಳ್ಳ. ದಾಟಿ ಬಂದಾಗ ರಬ್ಬರ್ ಬೂಟಿನ ನೀರು ತೂತಿನಿಂದ ಸೋರಿ ಹೋಯಿತು. ಮೇಷ್ಟ್ರ ಬೂಟು ಮಾತ್ರ ಕೊಟ್ಟ ಮಾತಿಗೆ ತಪ್ಪಲಿಲ್ಲ. ಒಂದು ಹನಿಯನ್ನೂ ಆಚೆ ಬಿಡಲಿಲ್ಲ.

ಅಲ್ಲಿಂದ ಮುಂದೆ ಏರು, ಅಂಟು ಕೆಸರು. ಅಟ್ಟೆಯ ಹಲ್ಲುಗಳ ಸಂದಿಯಲ್ಲಿ ಮಣ್ಣು ಮೆತ್ತಿಕೊಂಡು ಬೂಟಿನ ಅಡಿ ರೊಟ್ಟಿಯ ಹಾಗೆ ಚಪ್ಪಟೆಯಾಯಿತು. ಮೇಷ್ಟ್ರು ಮೂರು ಸಲ ಜಾರಿ ಬಿದ್ದು, ಮೂರು ಸಲವೂ "ಏನಿಲ್ಲ, ಏನಿಲ್ಲ" ಎಂದು ತಾವೇ ಎದ್ದರು. ನಾಲ್ಕನೆಯ ಸಲ ಬಿದ್ದು ತಿರುಗಿ ನೋಡಿದರೆ ಹೆಂಡತಿ ಹಿಂದೆ ಇಲ್ಲ. ತಿರುವಿನಲ್ಲಿ ಒಂದು ಬಿದ್ದ ಮರದ ಮೇಲೆ ತುಟಿ ಕಚ್ಚಿ ಕೂತಿದ್ದರು.

"ನಂಗಾಗಲ್ಲ ರೀ. ವಾಪಸ್ ಹೋಗೋಣ."

"ಮೊಣಕಾಲಾ?"

"ಬೆರಳು."

ಮೇಷ್ಟ್ರು ಕೆಸರಿನಲ್ಲಿ ಮಂಡಿಯೂರಿದರು. ಲಕ್ಷ ಗಿರಾಕಿಗಳ ಮುಂದೆ ಊರಿದ ಮಂಡಿ ಹೆಂಡತಿಯ ಮುಂದೆ ಊರಿದ್ದು ಅದೇ ಮೊದಲು. ರೂಢಿಯಂತೆ ಬೂಟಿನ ಮೂತಿಗೆ ಹೆಬ್ಬೆರಳು ಒತ್ತಿದರು. ಜಾಗವೇ ಇರಲಿಲ್ಲ. ಬಿಚ್ಚಿ ನೋಡಿದರೆ ಎರಡು ಉಗುರು ಕಪ್ಪಾಗಿದ್ದವು. ಕಿರುಬೆರಳು ಪಕ್ಕದ ಬೆರಳಿನ ಅಡಿಗೆ ಮಡಚಿಕೊಂಡಿತ್ತು. ಅದು ಇಂದು ನಿನ್ನೆ ಮಡಚಿದ್ದಲ್ಲ.

"ಇದು ಏಳು," ಎಂದರು ಮೇಷ್ಟ್ರು, ಯಾರೋ ಅಪರಿಚಿತರ ಕಾಲು ನೋಡಿದಂತೆ. "ಏಳಾಗಿ ಎಷ್ಟು ವರ್ಷ ಆಯ್ತು?"

"ಮಗಳು ಹುಟ್ಟಿದ್ಮೇಲೆ."

ಮಗಳಿಗೆ ಈಗ ಇಪ್ಪತ್ತೊಂದು.

"ಹೇಳ್ಬಾರ್ದಿತ್ತೇನೇ?"

"ಪ್ರತಿ ಜೋಡು ತಂದಾಗ್ಲೂ ಹೇಳಿದೀನಿ. ಸಡಿಲ ಆಗುತ್ತೆ ಅಂದ್ರಿ." ಆಕೆಯ ದನಿಯಲ್ಲಿ ಸಿಟ್ಟು ಕೂಡ ಇರಲಿಲ್ಲ. ಅದೇ ಮೇಷ್ಟ್ರಿಗೆ ಹೆಚ್ಚು ಚುಚ್ಚಿತು.

ದಾರಿ ತೋರಿಸುವ ಹೆಂಗಸು ತನ್ನ ಚೀಲದಿಂದ ಇನ್ನೊಂದು ಜೊತೆ ರಬ್ಬರ್ ಬೂಟು ತೆಗೆದಳು. "ಒಂದು ಜೊತೆ ಯಾವಾಗ್ಲೂ ಇಟ್ಕೊಂಡಿರ್ತೀನಿ ಅಕ್ಕ. ಇಂಥ ಬೂಟು ಹಾಕ್ಕೊಂಡು ಬರೋರು ತುಂಬ ಜನ. ಏಳೇ ಇದು, ನೋಡಿ."

ಆಕೆ ಹಾಕಿಕೊಂಡರು. ನಿಂತರು. ಒಳಗೆ ಬೆರಳುಗಳನ್ನು ಆಡಿಸಿದ್ದು ಹೊರಗಿನಿಂದಲೇ ಕಾಣಿಸಿತು. ಎರಡು ಹೆಜ್ಜೆ ನಡೆದು, ಮತ್ತೆರಡು ಹೆಜ್ಜೆ ನಡೆದು, ಏರಿನ ಕಡೆ ನೋಡಿದರು.

"ನೀವೂ ಬನ್ನಿ."

ಮೇಷ್ಟ್ರು ಕಾಲೆತ್ತಿದರು. ಬೂಟು ಕೆಸರಲ್ಲೇ ಉಳಿದು ಕಾಲುಚೀಲ ಮಾತ್ರ ಮೇಲೆ ಬಂತು.

"ನೀವು ಇಲ್ಲೇ ಕೂತಿರಿ ಸಾರ್," ಎಂದಳು ದಾರಿಯವಳು. "ಎರಡು ಗಂಟೇಲಿ ಬಂದ್ಬಿಡ್ತೀವಿ."

ಎರಡು ಗಂಟೆ ಮೇಷ್ಟ್ರು ಆ ಮರದ ಮೇಲೆ ಕೂತರು. ಸೊಳ್ಳೆಗಳಿಗೆ ಒಳ್ಳೆಯ ವ್ಯಾಪಾರ. ಎಷ್ಟು ಜನರನ್ನು ಕೂರಿಸಿ "ಬಿಗಿ ಅನ್ಸಿದ್ರೆ ಹೇಳಿ" ಅಂದಿದ್ದೆನಲ್ಲ ಎಂದು ನೆನೆದರು. ಹೇಳದವರನ್ನು ಗದರಿಸಿ ಹೇಳಿಸಿದ್ದೂ ಉಂಟು. ಮನೆಯಲ್ಲಿ ಹೇಳಿದವಳ ಬಾಯಿ ಮುಚ್ಚಿಸಿದ್ದರು. ನಾಚಿಕೆಯಾಯಿತು, ಕುತ್ತಿಗೆಯವರೆಗೂ ಬಿಸಿಯೇರುವಂಥ ನಾಚಿಕೆ. ಯಾರೂ ನೋಡುತ್ತಿರಲಿಲ್ಲವಾದ್ದರಿಂದ ಅದನ್ನು ಮರೆಸಲು ಮಾತೂ ಆಡುವಂತಿರಲಿಲ್ಲ.

ಹೆಂಡತಿ ತಲೆಯಿಂದ ಕಾಲಿನವರೆಗೆ ನೆನೆದು, ಇಳಿಜಾರಿನಲ್ಲಿ ದಾರಿಯವಳ ಜೊತೆ ಏನೋ ನಗುತ್ತ ಇಳಿದು ಬಂದರು.

"ಹೇಗಿತ್ತು?"

"ಕ್ಯಾಲೆಂಡರಲ್ಲಿ ಶಬ್ದ ಇರ್ಲಿಲ್ಲ ರೀ," ಎಂದರು ಆಕೆ.

ಸಂಜೆ ತಂಗಿದ್ದ ಕೋಣೆಯಿಂದ ಆಕೆ ಪರ್ಸು ಹಿಡಿದು ಹೊರಟರು. ಅದೇ ಥರದ ಬೂಟು ಸಂತೆಬೀದಿಯಲ್ಲಿ ಸಿಗುತ್ತದಂತೆ. ಮೇಷ್ಟ್ರು ಎದ್ದರು.

"ನಾನೂ ಬರ್ತೀನಿ."

"ಬನ್ನಿ. ಆದ್ರೆ ಪಾಠ ಮಾಡೋ ಹಾಗಿಲ್ಲ."

ಅಂಗಡಿ ಎಂದರೆ ಒಂದು ತಗಡಿನ ಮಾಡು. ಕರಿ ಬೂಟುಗಳನ್ನು ಜೊತೆಜೊತೆಯಾಗಿ ದಾರದಲ್ಲಿ ಪೋಣಿಸಿ ತೂಗುಹಾಕಿದ್ದರು. ಆಕೆ ಸ್ಟೂಲಿನ ಮೇಲೆ ಕೂತರು, ಮೇಷ್ಟ್ರು ಪಕ್ಕದಲ್ಲಿ ಕೈಕಟ್ಟಿ ನಿಂತರು. ಅಂಗಡಿಯವನು, ಎಲ್ಲ ಅಂಗಡಿಯವರ ಹಾಗೆ, ಗಂಡಸಿನ ಕಡೆ ತಿರುಗಿದ.

"ಮೇಡಂಗೆ ಎಷ್ಟು ಸೈಜು ಸಾರ್?"

ಮೇಷ್ಟ್ರಿಗೆ ಈಗ ಉತ್ತರ ಗೊತ್ತಿತ್ತು. ತೆರೆದ ಬಾಯಿಯನ್ನು ಮುಚ್ಚಿಕೊಂಡರು.

"ಅವರನ್ನೇ ಕೇಳಿ," ಎಂದರು.