ದೊಡ್ಡಪ್ಪನ ಮಿಲ್ಲಿನ ಶೀಟು ಇಳಿಸಿದ್ದು

ಮೊನ್ನೆ ಹರಪನಹಳ್ಳಿಗೆ ಹೊರಟವನು ಕೊಟ್ಟೂರಿನಲ್ಲಿ ಬಸ್ಸು ತಪ್ಪಿಸಿಕೊಂಡೆ. ಬಸ್ಸು ತಪ್ಪಿದರೆ ಕೊಟ್ಟೂರಿನಲ್ಲಿ ಮಾಡುವ ಕೆಲಸ ಒಂದೇ, ಮಂಡಕ್ಕಿ ಮಿರ್ಚಿ ತಿನ್ನುವುದು. ಆ ಸುಖಕ್ಕಾಗಿಯೇ ನಾನು ಬಸ್ಸು ತಪ್ಪಿಸಿಕೊಳ್ಳುತ್ತೇನೆಂದು ಮನೆಯಲ್ಲಿ ಆಪಾದನೆಯಿದೆ, ಅಲ್ಲಗಳೆಯಲು ಹೋಗಿಲ್ಲ. ಇನ್ನೊಂದು ಮಿರ್ಚಿಗೆ ಕೈ ಹಾಕುವಷ್ಟರಲ್ಲಿ ಪಕ್ಕದ ಅಂಗಡಿಯವನು ಹಳೆಯ ಸಿಮೆಂಟ್ ಶೀಟೊಂದನ್ನು ಹೊರಗೆ ಹಾಕಿಕೊಂಡು ಕೊಯ್ಯತೊಡಗಿದ. ಬಿಳಿ ಪುಡಿ ಎದ್ದಿತು. ಜೊತೆಗೆ ಸುಣ್ಣಕ್ಕೂ ಮಣ್ಣಿಗೂ ನಡುವಿನ ಒಂದು ಒಣ ವಾಸನೆ. "ನೀರು ಹಾಕ್ಕೊಂಡು ಕೊಯ್ಯಪಾ" ಎಂದೆ. ಅವನು ನಕ್ಕ. ನಾನು ತಟ್ಟೆ ಎತ್ತಿಕೊಂಡು ದೂರ ಹೋಗಿ ನಿಂತೆ.

"ಯಾಕ್ರಿ ಸರ, ಖಾರ ಆತೇನು?" ಎಂದ ಮಿರ್ಚಿಯವನು. ಹೌದೆಂದೆ. ನಿಜ ಹೇಳಬೇಕೆಂದರೆ ದೊಡ್ಡಪ್ಪನ ಕತೆಯನ್ನೇ ಹೇಳಬೇಕಿತ್ತು, ಅವನ ಬಾಣಲೆಯಲ್ಲಿ ಎಣ್ಣೆ ಕಾದಿತ್ತು. ನಿಮಗೆ ಪುರುಸೊತ್ತಿದೆಯೆಂದು ನಂಬಿ ನಿಮಗೆ ಹೇಳುತ್ತೇನೆ.

ದೊಡ್ಡಪ್ಪನಿಗೆ ಇದೇ ಕೊಟ್ಟೂರಿನ ಉಜ್ಜಿನಿ ರಸ್ತೆಯಲ್ಲಿ ಒಂದು ಶೇಂಗಾ ಮಿಲ್ಲಿತ್ತು. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಮಿಲ್ಲಿನ ಮೇಲಿದ್ದದ್ದು ಅವರ ತಂದೆ ಹೊದಿಸಿದ್ದ ಸಿಮೆಂಟ್ ಶೀಟು. ಒಂದು ಬಿರುಗಾಳಿಯಲ್ಲಿ ಅವು ಅಲ್ಲಲ್ಲಿ ಸೀಳಿ ಕೆಳಗಿನ ಶೇಂಗಾ ನೆನೆಯತೊಡಗಿತು. ಎಲ್ಲ ತೆಗೆಸಿ ಜಿಂಕ್ ತಗಡು ಹಾಕಿಸುವುದೆಂದು ದೊಡ್ಡಪ್ಪ ತೀರ್ಮಾನಿಸಿದರು. ನಮ್ಮ ಕಡೆ ಶೀಟು ತೆಗೆಯುವ ವಿಧಾನ ಬಹಳ ಸರಳ. ಮೇಲೆ ಹತ್ತಿ ಸುತ್ತಿಗೆಯಿಂದ ಬಡಿಯುವುದು, ಕೆಳಗೆ ಬಿದ್ದದ್ದನ್ನು ಕೇಳಿದವರಿಗೆ ಹಂಚುವುದು. ಒಬ್ಬರ ಬಚ್ಚಲಿಗೆ ಮರೆ, ಇನ್ನೊಬ್ಬರ ಕುರಿಹಟ್ಟಿಗೆ ಸೂರು. ಇಳಿಸುವ ಮಾತು ಹೊರಬೀಳುವ ಮೊದಲೇ ಅರ್ಧ ಶೀಟುಗಳಿಗೆ ವಾರಸುದಾರರು ಹುಟ್ಟಿಕೊಂಡಿದ್ದರು.

ಅಷ್ಟರಲ್ಲಿ ದಸರಾಕ್ಕೆಂದು ದೊಡ್ಡಪ್ಪನ ಅಳಿಯ ಶಿವಕುಮಾರ ಬಂದ. ತೋರಣಗಲ್ಲಿನ ಕಡೆ ಒಂದು ದೊಡ್ಡ ಕಾರ್ಖಾನೆಯಲ್ಲಿ ಕೆಲಸಗಾರರ ಸುರಕ್ಷತೆ ನೋಡಿಕೊಳ್ಳುವ ನೌಕರಿ ಅವನದು. ಸುತ್ತಿಗೆಗಳನ್ನು ಕಂಡವನೇ, "ಮಾವಾರ, ಒಡಿಸಬ್ಯಾಡ್ರಿ. ಅದರಾಗ ಕಲ್ನಾರು ಐತಿ, ಆಸ್ಬೆಸ್ಟಾಸ್ ಅಂತಾರಲ್ಲ, ಅದು. ಒಡದ್ರ ಕಣ್ಣಿಗೆ ಕಾಣದ ಎಳಿ ಏಳ್ತಾವು, ಎದ್ಯಾಗ ಹೋಗಿ ಕುಂತ್ರ ಎಷ್ಟೋ ವರ್ಷದ ಮ್ಯಾಲ ಗೊತ್ತಾಗ್ತೈತಿ" ಎಂದ. ಬೇರೆ ಯಾರು ಹೇಳಿದ್ದರೂ ದೊಡ್ಡಪ್ಪ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಹೇಳಿದವನು ಅಳಿಯ, ಅದೂ ಹಬ್ಬಕ್ಕೆ ಬಂದವನು. "ಅಳಿಯಂದ್ರು ಹೆಂಗ ಹೇಳ್ತಾರ ಹಂಗ" ಎಂದುಬಿಟ್ಟರು.

ಕೆಲಸ ಶುರುವಾಯಿತು. ಶೇಂಗಾ ಮೂಟೆಗಳನ್ನೆಲ್ಲ ಬೇರೆ ಕಡೆ ಸಾಗಿಸಿದರು. ಕೆಲಸದವರಿಗೆ ಶಿವಕುಮಾರ ಮುಖಕ್ಕೆ ಕಟ್ಟಿಕೊಳ್ಳುವ ಕವಚ ತರಿಸಿಕೊಟ್ಟ. ಶೀಟಿನ ಮೇಲೆ ಕಾಲಿಡದೆ ಹಲಗೆ ಹಾಸಿಕೊಂಡು ಹತ್ತಬೇಕು, ಸೋಪು ಕಲಸಿದ ನೀರಿನಲ್ಲಿ ಶೀಟು ತೋಯಿಸಬೇಕು, ಬೋಲ್ಟು ಬಿಚ್ಚಿ ಇಡಿಯ ಶೀಟನ್ನು ಹಗ್ಗದಿಂದ ಇಳಿಸಬೇಕು, ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಇಂಥ ಕಸವನ್ನು ಹೂಳುವ ಜಾಗಕ್ಕೆ ಕಳಿಸಬೇಕು. ಕೂಡ್ಲಿಗಿಯ ಕಾಲೇಜಿನಲ್ಲಿ ಪಾಠ ಹೇಳುವ ನನಗೆ ರಜೆಯಿತ್ತಾದ್ದರಿಂದ ನೀರಿನ ಪೈಪು ಹಿಡಿಯುವ ಹುದ್ದೆ ಸಿಕ್ಕಿತು. ಏಣಿಯ ಮೊದಲ ಮೆಟ್ಟಿಲಿಗೇ ತಲೆ ತಿರುಗುವವನಿಗೆ ಅದಕ್ಕಿಂತ ಎತ್ತರದ ಹುದ್ದೆ ಯಾರೂ ಕೊಡುತ್ತಿರಲಿಲ್ಲ. ಶೀಟು ಕೇಳಿಕೊಂಡು ಬಂದವರನ್ನು ದೊಡ್ಡಪ್ಪ ಬರಿಗೈಯಲ್ಲಿ ಕಳಿಸಿದರು. ಇಲ್ಲ ಎಂದು ಹೇಳಿ ಅಭ್ಯಾಸವಿಲ್ಲದ ಮನುಷ್ಯ, ಪಾಪ, ಪ್ರತಿಯೊಬ್ಬರಿಗೂ ಚಹಾ ಕುಡಿಸಿ ಇಲ್ಲ ಎಂದರು.

ತೊಡಕು ಬಂದದ್ದು ಸಂಜೆಗೆ. ಯಾರೂ ಧೂಳಿನ ಬಟ್ಟೆಯಲ್ಲಿ ಮನೆಗೆ ಹೋಗುವಂತಿಲ್ಲ, ಇಲ್ಲೇ ತೊಟ್ಟಿಯ ಹತ್ತಿರ ಜಳಕ ಮಾಡಿ, ಬಟ್ಟೆ ಇಲ್ಲೇ ಬಿಟ್ಟು ಹೋಗಬೇಕು ಎಂದ ಶಿವಕುಮಾರ. "ಯಾಕ್ರಿ, ನಮ್ಮನ್ಯಾಗ ನೀರಿಲ್ಲೇನು?" ಎಂದ ಮೇಸ್ತ್ರಿ ಹನುಮಪ್ಪ. ಶಿವಕುಮಾರ ಎಳೆ, ಎದೆ, ಹೆಂಡಿರು ಮಕ್ಕಳು ಎಂದು ಬಗೆಬಗೆಯಾಗಿ ವಿವರಿಸಿದ. ಎಲ್ಲರೂ ತಲೆಯಾಡಿಸಿದರು, ಒಬ್ಬರೂ ಅಂಗಿ ಬಿಚ್ಚಲಿಲ್ಲ. ಕೊನೆಗೆ ಸಾಕಾಗಿ, "ಮಣ್ಣಿಗೆ ಹೋಗಿ ಬಂದಂಗ ಅಂತ ತಿಳ್ಕೊಳ್ರಿ" ಎಂದ.

"ಹಂಗಂತ ಮೊದ್ಲ ಹೇಳಬಾರ್ದೇನ್ರಿ!" ಹನುಮಪ್ಪ ಅಂಗಿಗೆ ಕೈ ಹಾಕಿದ. ಸತ್ತವರನ್ನು ಹೂಳಿ ಬಂದವನು ಮೈ ತೊಳೆಯದೆ ಹೊಸ್ತಿಲು ತುಳಿಯಬಾರದೆಂದು ಅವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಚಕಚಕ ಜಳಕ ಮುಗಿಯಿತು. ನನ್ನದೂ ಆಯಿತು.

ದೊಡ್ಡಪ್ಪ ಮಾತ್ರ ಕೆಂಪಗಾಗಿ ನಿಂತಿದ್ದರು. ಶಿವಕುಮಾರ ಇದು ಕಾರ್ಖಾನೆಯ ಕಾನೂನು ಎಂದಿದ್ದರೆ ಅವರೇ ಮೊದಲು ತೊಟ್ಟಿಗೆ ಇಳಿಯುತ್ತಿದ್ದರು. ಲಿಂಗ ಕಟ್ಟಿದವರಿಗೆ ಸೂತಕವಿಲ್ಲ ಎಂಬುದು ಅವರ ಪಾಲಿಗೆ ಬರಿಯ ಮಾತಾಗಿರಲಿಲ್ಲ. ಸಾವಿನ ಮನೆಯಿಂದ ನೇರ ಬಂದು ಊಟಕ್ಕೆ ಕೂರುತ್ತಿದ್ದವರು. ಸ್ವಂತ ತಂದೆಯನ್ನು ಮಣ್ಣು ಮಾಡಿದ ದಿನವೇ ಮಿಲ್ಲಿನ ಬಾಗಿಲು ತೆಗೆಸಿದವರು. "ಸೂತಕ ನಮಗಿಲ್ರಿ, ಅಳಿಯಂದ್ರ" ಎಂದಷ್ಟೇ ಹೇಳಿ, ಧೂಳು ಮೆತ್ತಿದ ಅಂಗಿಯಲ್ಲೇ ಮನೆಗೆ ನಡೆದರು. ಮಾವನಿಗೆ ಎದುರಾಡುವ ಪದ್ಧತಿಯಿಲ್ಲದ ಶಿವಕುಮಾರ ನನ್ನ ಮುಖ ನೋಡಿದ. ನಾನು ಪೈಪು ಸುತ್ತಿಡುವುದರಲ್ಲಿ ಮಗ್ನನಾದೆ.

ಮನೆಯಲ್ಲಿ ದೊಡ್ಡವ್ವ ಇದ್ದಳು. ಅವಳಿಗೆ ಉಬ್ಬಸ. ಧೂಳಿನ ಹತ್ತಿರ ಸುಳಿಯಬಾರದೆಂದು ದಾವಣಗೆರೆಯ ಡಾಕ್ಟರು ಹೇಳಿ ವರ್ಷವಾಗಿತ್ತು. ಮಿಲ್ಲಿನ ಕಡೆ ಅವಳು ತಲೆ ಹಾಕಿದವಳಲ್ಲ. ಆದರೆ ಗಂಡನ ಅಂಗಿಯನ್ನು ಅವಳೇ ಕೊಡವಿ, ಅವಳೇ ಒಗೆಯಬೇಕು. ಅಳಿಯನ ಎದುರು ಬಂದು ಮಾತಾಡುವ ರೂಢಿಯೂ ಅವಳಿಗಿರಲಿಲ್ಲ. ಏನಿದ್ದರೂ ಅಡಿಗೆಮನೆಯ ಬಾಗಿಲ ಹಿಂದಿನಿಂದ. ಅಂದು ರಾತ್ರಿ ಊಟಕ್ಕೆ ಕೂತಾಗ ಆ ಬಾಗಿಲ ಹಿಂದಿನಿಂದ ನನ್ನ ಹೆಸರು ಹಿಡಿದು ಪ್ರಶ್ನೆ ಬಂತು. "ಆ ಧೂಳ ಅಂಗಿಗೆ ಹತ್ಕೊಂಡು ಮನಿಗೂ ಬರ್ತೈತೇನಂತ ಕೇಳು."

"ಬರ್ತೈತ್ರಿ ಅತ್ತಿ" ಎಂದ ಶಿವಕುಮಾರ, ತಟ್ಟೆಯಿಂದ ತಲೆಯೆತ್ತದೆ. ದೊಡ್ಡಪ್ಪ ರೊಟ್ಟಿ ಮುರಿಯುತ್ತಲೇ ಇದ್ದರು.

ಮರುದಿನ ಸಂಜೆಯೂ ದೊಡ್ಡಪ್ಪ ಧೂಳಿನ ಅಂಗಿಯಲ್ಲೇ ಹೊರಟರು. ನಾವಿಬ್ಬರೂ ಹಿಂದೆ. ಮನೆಯ ಹೊಸ್ತಿಲಿನ ಮೇಲೆ ದೊಡ್ಡವ್ವ ನಿಂತಿದ್ದಳು. ತಲೆಯ ಮೇಲೆ ಸೆರಗಿತ್ತು, ಎರಡೂ ಕೈ ಚೌಕಟ್ಟಿಗೆ ಆನಿಸಿದ್ದಳು. ಅಳಿಯನ ಎದುರಿಗೆ, ಬೀದಿಯವರ ಎದುರಿಗೆ ಅವಳು ಹಾಗೆ ನಿಂತದ್ದನ್ನು ನಾನು ಕಂಡಿರಲಿಲ್ಲ.

"ನಿಮಗ ಸೂತಕ ಇಲ್ಲ, ಖರೆ" ಎಂದಳು. ಉಸಿರು ಎಳೆದುಕೊಂಡಳು. "ನನಗ ಉಸುರಿಲ್ಲ."

ದೊಡ್ಡಪ್ಪ ತಮ್ಮ ಅಂಗಿಯನ್ನೊಮ್ಮೆ ನೋಡಿಕೊಂಡರು. ಬಂದ ದಾರಿಗೇ ತಿರುಗಿದರು. ಮನೆ ಬಿಟ್ಟೇ ಹೋಗುತ್ತಾರೋ ಏನೋ ಎಂದು ಬೆನ್ನಿಗೇ ಹೋದೆ. ಅವರು ಹೋದದ್ದು ಮಿಲ್ಲಿಗೆ. ತೊಟ್ಟಿಯ ಹತ್ತಿರ ತಲೆಯ ಮೇಲೆ ತಂಬಿಗೆ ತಂಬಿಗೆ ನೀರು ಸುರಿದುಕೊಂಡರು. ಬದಲಿ ಬಟ್ಟೆ ಇಟ್ಟುಕೊಂಡಿರಲಿಲ್ಲವಾದ್ದರಿಂದ ಹನುಮಪ್ಪನ ಪಟಾಪಟಿ ಲುಂಗಿ ಸುತ್ತಿಕೊಂಡು, ಹೆಗಲಿಗೊಂದು ಟವೆಲ್ಲು ಹಾಕಿಕೊಂಡು ಬಜಾರಿನಲ್ಲಿ ನಡೆದರು. ಟೊಪ್ಪಿಗೆಯಿಲ್ಲದೆ ಆ ಬಜಾರು ದಾಟದ ಸಾವ್ಕಾರರು. ಒದ್ದೆ ತಲೆ ಕಂಡು ಕಿರಾಣಿ ಅಂಗಡಿಯವನು ಗಾಬರಿಯಾಗಿ ಎದ್ದು ಬಂದ.

"ಸಾವ್ಕಾರ್ರ, ಯಾರು ತೀರ್ಕೊಂಡ್ರಿ?"

"ಯಾರೂ ಇಲ್ಲಪಾ. ಮನಿಯಾಕಿ ಇನ್ನಷ್ಟು ದಿನ ಇರ್ಲಿ ಅಂತ ಜಳಕ ಮಾಡೀನಿ" ಎಂದರು ದೊಡ್ಡಪ್ಪ, ನಿಲ್ಲದೆ.

ಶೀಟು ಇಳಿದು ಮುಗಿಯಿತು, ಜಿಂಕ್ ತಗಡು ಬಂತು. ದೊಡ್ಡಪ್ಪ ಮಿಲ್ಲಿನಲ್ಲೇ ಮೈ ತೊಳೆದು ಬರುವುದನ್ನು ಆಮೇಲೂ ಬಿಡಲಿಲ್ಲ. ದೊಡ್ಡವ್ವನ ಉಬ್ಬಸದಲ್ಲಿ ಆ ಅಂಗಿಗಳ ಪಾಲೆಷ್ಟಿತ್ತೋ ಯಾವ ಡಾಕ್ಟರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ದೊಡ್ಡಪ್ಪ ತೀರಿಕೊಂಡು ಎಷ್ಟೋ ವರ್ಷವಾಯಿತು. ಅವಳು ಈಗ ಹರಪನಹಳ್ಳಿಯಲ್ಲಿ ಮಗಳು ಅಳಿಯನ ಜೊತೆ ಇದ್ದಾಳೆ. ಮೊನ್ನೆ ನಾನು ಹೊರಟಿದ್ದೂ ಅಲ್ಲಿಗೇ.

ಮುಂದಿನ ಬಸ್ಸು ಹಿಡಿದು ಹೋದೆ. ಚಹಾ ಕುಡಿಯುತ್ತ ಲುಂಗಿಯ ಪ್ರಸಂಗ ತೆಗೆದು, ನಗಿಸೋಣವೆಂದು, ಬಜಾರಿನ ಮಾತನ್ನೂ ಹೇಳಿದೆ. ದೊಡ್ಡವ್ವ ನಗಲಿಲ್ಲ.

"ಹಂಗಂದ್ರಾ?" ಎಂದಳು. "ಅವತ್ತು ಮನಿಗೆ ಬಂದು ನನ್ನ ಕೂಡ ಮಾತ ಆಡ್ಲಿಲ್ಲ. ಮಂದಿ ಮುಂದ ಮಾನ ಕಳದೆ ಅಂತ ಸಿಟ್ಟಾಗ್ಯಾರ ಅನ್ಕೊಂಡು, ಇಷ್ಟು ವರ್ಷ ಅದನ್ನ ಎದ್ಯಾಗ ಇಟ್ಕೊಂಡೀನಿ."

ಇಷ್ಟು ವರ್ಷ ಊರೆಲ್ಲ ಹೇಳಿಕೊಂಡು ನಕ್ಕ ಮಾತು, ಕೇಳಬೇಕಾದವಳಿಗೊಬ್ಬಳಿಗೆ ತಲುಪಿರಲಿಲ್ಲ. ಅವಳು ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು, ಉಸಿರು ಹತೋಟಿಗೆ ಬರುವವರೆಗೆ ಕಾದಳು.

"ಏನಂದ್ರು ಅಂದಿ? ಇನ್ನೊಮ್ಮಿ ಹೇಳು."

ಹೇಳಿದೆ.